ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹೊನ್ನಾಳಿ ಸೀಮೆಯ ಗೋವಿನಕೋವಿ ನನ್ನ ಊರು. ಅಲ್ಲಿ ನಮ್ಮ ಹಳೆಯ ಮನೆಗೆ ಒಂದು ಅಟ್ಟವಿದೆ. ಆ ಅಟ್ಟದ ಮೂಲೆಯಲ್ಲಿ, ಅಡಿಕೆ ಚೀಲಗಳ ಪಕ್ಕದಲ್ಲಿ, ಹುರಿಯಿಂದ ಬಿಗಿದ ನಾಲ್ಕು ಕಟ್ಟುಗಳು ಬಹುಕಾಲದಿಂದ ಕುಳಿತಿವೆ. ಕಟ್ಟಿಗೆ ಐವತ್ತರಂತೆ ಇನ್ನೂರು ಪುಸ್ತಕ; ಬರೆದವನು ನಾನು. ಹಳಗನ್ನಡ ಗದ್ಯವನ್ನು ಕುರಿತ ಆ ಪ್ರಬಂಧಗಳನ್ನು ಇಷ್ಟು ಸಂಖ್ಯೆಯಲ್ಲಿ ಸಂಗ್ರಹಿಸಿ ಇಟ್ಟುಕೊಂಡಿರುವವರು ಕನ್ನಡನಾಡಿನಲ್ಲಿ ನನ್ನ ಹೊರತು ಮತ್ತಾರೂ ಇರಲಾರರು. ಅವುಗಳನ್ನು ಹಾಳೆ ಹಾಳೆಯಾಗಿ ಅರಗಿಸಿಕೊಂಡವುಗಳು ಎಂದರೆ ನಮ್ಮ ಅಟ್ಟದ ಇಲಿಗಳು ಮಾತ್ರ.

ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಅತ್ತಿಗೆ ಕಾಫಿಯ ಲೋಟ ಕೈಗಿಡುತ್ತಲೇ ಕೇಳಿದರು: “ಏನಪ್ಪಾ ಮೇಷ್ಟ್ರೇ, ಆ ನಾಕು ಗಂಟು ಇನ್ನೂ ಎಷ್ಟು ವರ್ಷ ಅಲ್ಲೇ ಇರ್ತಾವೆ? ಈ ವರ್ಷದ ಅಡಿಕೆ ಇಡಾಕೆ ಜಾಗ ಸಾಲದು.” ನಾನು ಏನೋ ತೊದಲಿದೆ. ಅಷ್ಟರಲ್ಲಿ ಮಂಡಿಗೆ ಹೋಗಿದ್ದ ಅಣ್ಣ ಬಂದು, ಜೇಬಿನಿಂದ ಒಂದು ಚೀಟಿ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿದ. ಅದು ಅಡಿಕೆಯ ಪಟ್ಟಿ. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಕಳೆದದ್ದು ಎಷ್ಟು, ಕೈಗೆ ಬಂದದ್ದು ಎಷ್ಟು ಎಂದು ಸಾಲುಸಾಲಾಗಿ ಬರೆದು, ಕೆಳಗೆ ಸಹಿ. ಅದೇ ಮೊಳೆಯಲ್ಲಿ ಹಿಂದಿನ ವರ್ಷಗಳ ಪಟ್ಟಿಗಳೂ ಒಂದರ ಮೇಲೊಂದು ಕೂತಿದ್ದವು. ನಾನು ಅವನ್ನೇ ನೋಡುತ್ತಿದ್ದುದನ್ನು ಕಂಡು ಅಣ್ಣ, “ನಿನ್ನ ಪುಸ್ತಕಕ್ಕೆ ಇಂಥದ್ದು ಕೊಡಲ್ವೇನೋ?” ಎಂದ. ಇಲ್ಲವೆಂದೆ. “ಹಂಗಾರೆ ಮಾಲು ಎಷ್ಟು ಹೋತು ಅಂತ ನಿನಗೆ ಹೆಂಗೆ ಗೊತ್ತಾಗ್ತೈತೆ?”

ಹೈಸ್ಕೂಲಿಗೇ ಓದು ಮುಗಿಸಿದ ಅಣ್ಣನ ಈ ಪ್ರಶ್ನೆಗೆ ಎಂ.ಎ. ಮಾಡಿದ ತಮ್ಮನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದ್ದಕ್ಕಾಗಿಯೇ ಈ ಲೇಖನ.

ಹನ್ನೊಂದು ವರ್ಷದ ಹಿಂದೆ ಪ್ರಕಾಶಕರೊಬ್ಬರು ನಮ್ಮ ಕಾಲೇಜಿಗೆ ಬಂದು, ಅಧ್ಯಾಪಕರ ಕೊಠಡಿಯಲ್ಲಿ ನನ್ನ ಎದುರು ಕುಳಿತು, ಹಸ್ತಪ್ರತಿಯನ್ನು ಎರಡೂ ಕೈಯಲ್ಲಿ ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರು. ನೂರಕ್ಕೆ ಹತ್ತರಂತೆ ಗೌರವಧನವೆಂದರು. ಕಾಗದಪತ್ರದ ಮಾತನ್ನು ನಾನು ಅಂಜಿಕೆಯಿಂದಲೇ ಎತ್ತಿದಾಗ, “ನಮ್ಮ ನಿಮ್ಮಲ್ಲಿ ಕಾಗದ ಯಾಕೆ ಸಾರ್? ಇದು ಸರಸ್ವತಿಯ ಕೆಲಸ” ಎಂದರು. ನಾನು ಕರಗಿಹೋದೆ. ಬಿಡುಗಡೆಯ ದಿನ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿತ್ತರು. ಎರಡು ವರ್ಷವಾದ ಮೇಲೆ, ಗೌರವಧನದ ಮಾತನ್ನು ನಾನು ಬಹಳ ಸುತ್ತು ಬಳಸಿ ನೆನಪಿಸಿದೆ. “ಪುಸ್ತಕ ಓಡಲಿಲ್ಲ ಸಾರ್” ಎಂದು ನಿಟ್ಟುಸಿರಿಟ್ಟು, ಹಣದ ಬದಲಿಗೆ ಇನ್ನೂರು ಪ್ರತಿಗಳನ್ನು ಲಾರಿಗೆ ಹಾಕಿದರು. ಲಾರಿಯ ಬಾಡಿಗೆ ಕೊಟ್ಟವನು ನಾನು. ಪೇಟೆಯ ಬಾಡಿಗೆ ಮನೆಯಲ್ಲಿ ಜಾಗವಿಲ್ಲದೆ ಕಟ್ಟುಗಳು ಗೋವಿನಕೋವಿಯ ಅಟ್ಟವನ್ನು ಸೇರಿದವು.

ಕಥೆ ಇಲ್ಲಿಗೆ ಮುಗಿದಿದ್ದರೆ ದುಃಖಾಂತವೆನ್ನಬಹುದಾಗಿತ್ತು. ಮತ್ತೆ ಮೂರು ವರ್ಷವಾದ ಮೇಲೆ ಶಿವಮೊಗ್ಗದ ಅಂಗಡಿಯೊಂದರಲ್ಲಿ ಅದೇ ಪುಸ್ತಕವನ್ನು ಕಂಡೆ. ತಿರುವಿ ನೋಡಿದರೆ ‘ಎರಡನೆಯ ಮುದ್ರಣ’ ಎಂದಿದೆ! ಓಡದೆ ಕುಂತ ಪುಸ್ತಕ ನನಗೆ ತಿಳಿಯದಂತೆ ಯಾವ ಹಾದಿಯಲ್ಲಿ ಓಡಿತು? ದೂರವಾಣಿಯಲ್ಲಿ ಕೇಳಿದೆ. “ಅದು ಅಚ್ಚಿನ ತಪ್ಪು ಸಾರ್” ಎಂಬ ಉತ್ತರ ಬಂತು. ಕರಡು ತಿದ್ದುವುದರಲ್ಲೇ ಅರ್ಧ ಆಯುಷ್ಯ ಕಳೆದ ನಾನು ಬಗೆಬಗೆಯ ಅಚ್ಚಿನ ತಪ್ಪುಗಳನ್ನು ಬಲ್ಲೆ. ಆದರೆ ರಟ್ಟಿನ ಬಣ್ಣವನ್ನೂ ಬದಲಿಸಿ, ಬೆಲೆಯನ್ನೂ ನಲವತ್ತು ರೂಪಾಯಿ ಏರಿಸುವಷ್ಟು ಸಮರ್ಥವಾದ ತಪ್ಪನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮುಂದೆ ನಾನೇನು ಮಾಡಿದೆ? ಏನೂ ಮಾಡಲಿಲ್ಲ. ನನ್ನ ಎರಡನೆಯ ಹಸ್ತಪ್ರತಿ ಆಗ ಅವರ ಮೇಜಿನ ಮೇಲಿತ್ತು. ಓದುಗರು ನಗಬಹುದು. ಈ ನಾಡಿನಲ್ಲಿ ನಾಲ್ಕು ಪುಸ್ತಕ ಬರೆದ ಯಾರನ್ನೇ ಕೇಳಿ, ಹೆಸರು ಊರು ಬದಲಾದರೂ ಇಂಥದೇ ಕಥೆಯೊಂದು ಹೊರಬರುತ್ತದೆ. ಅದನ್ನು ಹೇಳುವಾಗ ಅವರೂ ನಗುತ್ತಾರೆ, ಕೇಳುವಾಗ ನಾವೂ ನಗುತ್ತೇವೆ. ಈ ನಗೆಯ ಮೇಲೆಯೇ ನನಗೀಗ ಅನುಮಾನ ಬಂದಿದೆ.

ಲೇಖಕ ಪ್ರಕಾಶಕರ ಜಗಳ ಹಾಸ್ಯದ ವಸ್ತುವಾಗಿರುವುದು ನಮ್ಮಲ್ಲಿ ಮಾತ್ರವಲ್ಲ. ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಬೆಲ್ ಲೇಖಕರ ಒಂದು ಔತಣದಲ್ಲಿ, ಇಂಗ್ಲೆಂಡಿನ ಕಡುವೈರಿಯಾಗಿದ್ದ ನೆಪೋಲಿಯನ್ನನ ಆರೋಗ್ಯಕ್ಕೆ ಪಾನ ಮಾಡೋಣವೆಂದು ಎದ್ದು ನಿಂತನಂತೆ. ಎಲ್ಲರೂ ಬೆಚ್ಚಿದಾಗ, ‘ಏನೇ ಆಗಲಿ, ಆತ ಒಬ್ಬ ಪುಸ್ತಕ ವ್ಯಾಪಾರಿಯನ್ನು ಗುಂಡಿಟ್ಟು ಕೊಲ್ಲಿಸಿದ್ದಾನೆ’ ಎಂದು ಸಮಾಧಾನ ಹೇಳಿದನೆಂಬ ಪ್ರತೀತಿ. ಗುಂಡಿಗೆ ಬಲಿಯಾದ ಜರ್ಮನಿಯ ಯೋಹಾನ್ ಫಿಲಿಪ್ ಪಾಮ್ ನಿಜವಾದ ಮನುಷ್ಯ. 1806ರಲ್ಲಿ ನೆಪೋಲಿಯನ್ನನಿಗೆ ವಿರುದ್ಧವಾದ ಒಂದು ಕಿರುಹೊತ್ತಗೆಯನ್ನು ಮಾರಿದ್ದಕ್ಕೆ ಪ್ರಾಣ ತೆತ್ತವನು. ಬರೆದವನ ಹೆಸರನ್ನು ಮಾತ್ರ ಅವನು ಕೊನೆಗೂ ಬಿಟ್ಟುಕೊಡಲಿಲ್ಲ. ಹಾಸ್ಯ ಹೇಳುವ ನಾವು ಈ ಕೊನೆಯ ಮಾತನ್ನು ಸಾಮಾನ್ಯವಾಗಿ ಬಿಟ್ಟೇ ಹೇಳುತ್ತೇವೆ.

ಆದ್ದರಿಂದ ಮೊದಲು ಪ್ರಕಾಶಕರ ಪಕ್ಷವನ್ನು ಕೇಳುವುದು ನ್ಯಾಯ. ಒಂದು ಲೆಕ್ಕ ಹಾಕೋಣ. ಇನ್ನೂರು ರೂಪಾಯಿ ಬೆಲೆಯ ಪುಸ್ತಕದ ಐನೂರು ಪ್ರತಿ ಅಚ್ಚಾಯಿತೆನ್ನಿ. ಎಲ್ಲವೂ ಮಾರಿದರೆ ಒಂದು ಲಕ್ಷ. ಅಂಗಡಿಯವರಿಗೆ ನೂರಕ್ಕೆ ನಲವತ್ತು ಬಿಟ್ಟರೆ ಉಳಿಯುವುದು ಅರವತ್ತು ಸಾವಿರ. ಕಾಗದ, ಅಚ್ಚು, ರಟ್ಟು, ಕಟ್ಟಣೆಗೆ ಪ್ರತಿಗೆ ಎಂಬತ್ತರಂತೆ ನಲವತ್ತು ಸಾವಿರ. ಲೇಖಕನಿಗೆ ಹತ್ತು ಸಾವಿರ ಕೊಟ್ಟರೆ ಪ್ರಕಾಶಕನಿಗೆ ಉಳಿದದ್ದೂ ಹತ್ತೇ ಸಾವಿರ. ಅದರಲ್ಲೇ ಅಂಚೆ, ಗೋದಾಮು, ಆಳಿನ ಸಂಬಳ. ಇಷ್ಟೂ ಎಲ್ಲ ಪ್ರತಿ ಮಾರಾಟವಾದರೆ ಮಾತ್ರ. ಅಂಗಡಿಯವರು ಕಡ ಒಯ್ದದ್ದನ್ನು ಮರೆಯುತ್ತಾರೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಹಣಕ್ಕಾಗಿ ಕಾದು ಕಾದು ಕಣ್ಣು ಬೆಳ್ಳಗಾಗುತ್ತವೆ. ಇದರ ನಡುವೆ ಲೇಖಕ ಮಹಾಶಯ ಭಾವಮೈದುನನ ಮದುವೆಯಲ್ಲಿ ಹಂಚಲು ಐವತ್ತು ‘ಗೌರವ ಪ್ರತಿ’ ಬೇಕೆಂದು ಹೇಳಿಕಳಿಸುತ್ತಾನೆ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆಯನ್ನು ಪ್ರಕಾಶಕರೂ ಹೇಳಿಕೊಳ್ಳಬಹುದು.

ಲೇಖಕರ ಪಾಪಗಳಿಗೂ ಕೊರತೆಯಿಲ್ಲ. ಯುಗಾದಿಗೆ ಕೊಡುತ್ತೇವೆಂದ ಹಸ್ತಪ್ರತಿಯನ್ನು ಮುಂದಿನ ಯುಗಾದಿಗೆ ಕೊಡುತ್ತೇವೆ. ಕರಡಿನಲ್ಲಿ ಅಕ್ಷರ ತಿದ್ದುವ ಬದಲು ಅಧ್ಯಾಯವನ್ನೇ ಹೊಸದಾಗಿ ಬರೆಯುತ್ತೇವೆ. ಇವೆಲ್ಲ ಹಳೆಯ ಪಾಪಗಳು. ನಮ್ಮ ಕಾಲೇಜು ಅಧ್ಯಾಪಕರ ವರ್ಗ ಇತ್ತೀಚೆಗೆ ಒಂದು ಹೊಸ ಪಾಪವನ್ನು ಕಂಡುಹಿಡಿದಿದೆ. ಬಡ್ತಿಗೆ ಅಂಕ ಬೇಕು, ಅಂಕಕ್ಕೆ ಐ.ಎಸ್.ಬಿ.ಎನ್. ಸಂಖ್ಯೆಯುಳ್ಳ ಪುಸ್ತಕ ಬೇಕು. ಹಾಗಾಗಿ ನಮ್ಮಲ್ಲಿ ಕೆಲವರು ತಾವೇ ಹಣ ಕೊಟ್ಟು ಪುಸ್ತಕ ಹಾಕಿಸುತ್ತಾರೆ. ಓದುಗನನ್ನು ಹುಡುಕಿಕೊಂಡು ಬಿಸಿಲಲ್ಲಿ ಅಲೆಯುವ ಬದಲು, ನೆರಳಲ್ಲಿ ಕುಳಿತು ಬರೆದವನಿಂದಲೇ ಹಣ ಎಣಿಸಿಕೊಳ್ಳಬಹುದೆಂಬ ರುಚಿಯನ್ನು ಕೆಲವು ಪ್ರಕಾಶಕರಿಗೆ ಹತ್ತಿಸಿದವರು ನಾವೇ. ಮಾರಾಟವಾಗದಿದ್ದರೂ ನಷ್ಟವಿಲ್ಲದ ಪ್ರಕಾಶಕ, ಯಾರು ಓದದಿದ್ದರೂ ಬಡ್ತಿ ತಪ್ಪದ ಲೇಖಕ: ಇಂಥ ಸುಖಸಂಸಾರದಲ್ಲಿ ಪುಸ್ತಕ ಅನಾಥ ಮಗು.

ಈ ತೊಡಕು ಬೇಡವೆಂದು ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ತಾವೇ ಪ್ರಕಾಶಕರಾದರು. ನಮ್ಮೂರ ಹೊಳೆ ಕೆಳಗೆ ಹರಿದು ವರದೆಯನ್ನು ಕೂಡುವ ಕಡೆ ಗಳಗನಾಥವಿದೆ. ಆ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕಾದಂಬರಿಗಳನ್ನು ಬರೆದದ್ದಷ್ಟೇ ಅಲ್ಲ, ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಮಾಸ್ತಿಯವರಿಗೆ ‘ಜೀವನ ಕಾರ್ಯಾಲಯ’, ಕುವೆಂಪು ಅವರಿಗೆ ‘ಉದಯರವಿ’, ರಾಜರತ್ನಂ ಅವರಿಗೆ ‘ಶಾಕ್ಯ ಸಾಹಿತ್ಯ ಮಂದಿರ’, ತೇಜಸ್ವಿಯವರಿಗೆ ‘ಪುಸ್ತಕ ಪ್ರಕಾಶನ’. ಕಾರಂತರಂತೂ ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ಇಟ್ಟರು. ಈ ಸಾಲನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದು ಹೆಮ್ಮೆಯ ಮಾತು ಹೌದು, ನಾಚಿಕೆಯ ಮಾತೂ ಹೌದು. ಇಷ್ಟು ದೊಡ್ಡ ಲೇಖಕರು ಬರೆಯುವ ಕೈಯಲ್ಲೇ ಕಾಗದ ಕೊಂಡು, ಬಿಲ್ಲು ಬರೆದು, ಪಾರ್ಸೆಲ್ ಕಟ್ಟಬೇಕಾಗಿ ಬಂದದ್ದು ಯಾಕೆಂದು ನಾವು ಕೇಳುವುದಿಲ್ಲ.

ಅಲ್ಲದೆ ಎಲ್ಲರಿಗೂ ಈ ಹಾದಿ ಒಗ್ಗುವುದಿಲ್ಲ. ಸರ್ ವಾಲ್ಟರ್ ಸ್ಕಾಟ್ ಅಚ್ಚುಕೂಟದ ಪಾಲುದಾರನಾಗಿ 1826ರಲ್ಲಿ ದಿವಾಳಿಯ ಸುಳಿಗೆ ಸಿಕ್ಕಿದ. ಲಕ್ಷ ಪೌಂಡಿಗೂ ಮೀರಿದ ಸಾಲವನ್ನು ತೀರಿಸಲು 1832ರಲ್ಲಿ ಸಾಯುವತನಕ ಬರೆದ. ಮಾರ್ಕ್ ಟ್ವೇನ್ 1884ರಲ್ಲಿ ಸ್ವಂತ ಪ್ರಕಾಶನ ಸಂಸ್ಥೆ ತೆರೆದ. ಹತ್ತೇ ವರ್ಷಕ್ಕೆ ಅದು ಮುಳುಗಿ, ಸಾಲ ತೀರಿಸಲು ಭಾಷಣ ಮಾಡುತ್ತ ಭೂಪ್ರದಕ್ಷಿಣೆ ಹೊರಟು, 1896ರಲ್ಲಿ ನಮ್ಮ ಭಾರತಕ್ಕೂ ಬಂದ. ಹೊಲ ಉಳುವವನೇ ಮಂಡಿಯನ್ನೂ ನಡೆಸಬೇಕೆಂಬುದು ಪರಿಹಾರವಲ್ಲ. ಒಳ್ಳೆಯ ಪ್ರಕಾಶಕ ಸಾಹಿತ್ಯಕ್ಕೆ ಬೇಕೇ ಬೇಕು. ಧಾರವಾಡದ ಜಿ.ಬಿ. ಜೋಶಿಯವರು 1933ರಲ್ಲಿ ‘ಮನೋಹರ ಗ್ರಂಥಮಾಲೆ’ಯನ್ನು ಕಟ್ಟಿದಾಗ ಚಂದಾದಾರರನ್ನು ಮೊದಲು ಕೂಡಿಸಿಕೊಂಡರು, ಓದುವವರು ಯಾರು, ಎಷ್ಟು ಮಂದಿ ಎಂಬುದು ಅವರಿಗೆ ಗೊತ್ತಿತ್ತು. ಆ ಬಲದಿಂದಲೇ ಹೆಸರಿಲ್ಲದ ಹುಡುಗರ ಮೇಲೆ ಹಣ ಹೂಡುವ ಧೈರ್ಯವೂ ಬಂತು. ಇಪ್ಪತ್ತಮೂರರ ತರುಣ ಗಿರೀಶ ಕಾರ್ನಾಡರ ‘ಯಯಾತಿ’ (1961) ಹೊರಬಂದದ್ದು ಅಲ್ಲಿಂದ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಬಂದದ್ದೂ ಅಲ್ಲಿಂದಲೇ.

ಹಾಗಾದರೆ ರೋಗ ಎಲ್ಲಿದೆ? ನನ್ನ ಮಟ್ಟಿಗೆ ಹೇಳುವುದಾದರೆ, ‘ಸರಸ್ವತಿಯ ಕೆಲಸ’ ಎಂಬ ಆ ಒಂದು ಮಾತಿನಲ್ಲಿದೆ. ಕಾಗದದ ವ್ಯಾಪಾರಿಗೆ ಪ್ರಕಾಶಕರು ಸರಸ್ವತಿಯ ಹೆಸರು ಹೇಳುವುದಿಲ್ಲ. ಅಚ್ಚುಕೂಟದವನಿಗೆ ಶಾಲು ಹೊದಿಸಿ ಕಳಿಸುವುದಿಲ್ಲ. ರಟ್ಟು ಕಟ್ಟುವವನಿಗೆ ಕೂಲಿಯ ಬದಲು ಇನ್ನೂರು ಪುಸ್ತಕ ಕೊಟ್ಟು ನೋಡಲಿ! ಪುಸ್ತಕಕ್ಕೆ ದುಡಿದ ಎಲ್ಲರಿಗೂ ಲೆಕ್ಕವುಂಟು, ಬರೆದವನೊಬ್ಬ ಮಾತ್ರ ಆಟಕ್ಕುಂಟು ಲೆಕ್ಕಕ್ಕಿಲ್ಲ. ಇದಕ್ಕೆ ನಾವೂ ಒಪ್ಪಿ ಕುಳಿತಿದ್ದೇವೆ. ಹಣ ಕೇಳುವುದು ಹಗುರವಾದ ಕೆಲಸ, ಲೆಕ್ಕ ಕೇಳುವುದು ಅಪನಂಬಿಕೆಯ ಗುರುತು ಎಂದು ನಮಗೆ ನಾವೇ ಹೇಳಿಕೊಂಡು, ಬೆನ್ನ ಹಿಂದೆ ಮಾತ್ರ ಪ್ರಕಾಶಕರನ್ನು ಬಾಯಿ ತುಂಬ ಬಯ್ಯುತ್ತೇವೆ. ಅಣ್ಣ ಮಂಡಿಯವರೊಡನೆ ಇಪ್ಪತ್ತು ವರ್ಷದಿಂದ ಸ್ನೇಹದಿಂದಿದ್ದಾನೆ. ಮನೆಯ ಮದುವೆಗಳಿಗೆ ಹೋಗಿ ಬರುವ ಬಳಕೆಯಿದೆ. ಅವನು ಪಟ್ಟಿ ಕೇಳುವುದನ್ನೂ ಬಿಟ್ಟಿಲ್ಲ, ಅವರು ಕೊಡುವುದನ್ನೂ ಬಿಟ್ಟಿಲ್ಲ.

ಮಿಲ್ಟನ್ ಕವಿ ತನ್ನ ಮಹಾಕಾವ್ಯವಾದ ‘ಪ್ಯಾರಡೈಸ್ ಲಾಸ್ಟ್’ ಅನ್ನು ಐದು ಪೌಂಡಿಗೆ ಮಾರಿದನೆಂದು ನಾವು ತರಗತಿಯಲ್ಲಿ ಮರುಕದಿಂದ ಹೇಳುತ್ತೇವೆ. ಪೂರ್ತಿ ಸಂಗತಿ ಬೇರೆ. 1667ರ ಏಪ್ರಿಲ್ 27ರಂದು ಮುದ್ರಕ ಸ್ಯಾಮ್ಯುಯೆಲ್ ಸಿಮ್ಮನ್ಸನೊಡನೆ ಅವನು ಬರಹದಲ್ಲಿ ಒಪ್ಪಂದ ಮಾಡಿಕೊಂಡ. ಆಗ ಐದು ಪೌಂಡು. ಮೊದಲ ಮುದ್ರಣದ 1300 ಪ್ರತಿ ಮಾರಿದ ಮೇಲೆ ಮತ್ತೆ ಐದು. ಮುಂದಿನ ಮುದ್ರಣಗಳಿಗೂ ಹಾಗೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಮಾರಾಟದ ಲೆಕ್ಕವನ್ನು ಆಗಾಗ ಕೇಳುವ ಹಕ್ಕು ಕವಿಗಿತ್ತು. 1669ರಲ್ಲಿ ಎರಡನೆಯ ಐದು ಪೌಂಡೂ ಬಂತು. ಅವನ ನಿಧನಾನಂತರ, 1680ರಲ್ಲಿ, ಹೆಂಡತಿ ಎಂಟು ಪೌಂಡು ಪಡೆದು ಉಳಿದ ಹಕ್ಕನ್ನು ಬಿಟ್ಟುಕೊಟ್ಟಳು. ಮೊತ್ತ ಸಣ್ಣದು, ನಿಜ. ಆದರೆ ಮುನ್ನೂರೈವತ್ತು ವರ್ಷದ ಹಿಂದೆ ಕಣ್ಣು ಕಾಣದ ಕವಿಯೊಬ್ಬ ಕೇಳಿ ಪಡೆದ ಲೆಕ್ಕದ ಹಕ್ಕನ್ನು, ಎರಡು ಕಣ್ಣೂ ಒಂದು ಕನ್ನಡಕವೂ ಇರುವ ನಾನು ಕೇಳಲಿಲ್ಲ.

ನನ್ನದಾದರೋ ಸಂಬಳವಿರುವ ಬದುಕು. ಹತ್ತು ಸಾವಿರ ಹೋದರೆ ನಕ್ಕು ಮರೆಯಬಲ್ಲೆ. ಎಲ್ಲರ ಮನೆಯೂ ಹಾಗಿರುವುದಿಲ್ಲ. ನನಗೆ ಹಳಗನ್ನಡ ಕಲಿಸಿದ ಗುರುಗಳ ವ್ಯಾಕರಣದ ಪುಸ್ತಕವೊಂದು ಬಹಳ ವರ್ಷ ವಿದ್ಯಾರ್ಥಿಗಳ ಕೈಯಲ್ಲಿತ್ತು. ನಾನೂ ಅದನ್ನೇ ಓದಿ ಪಾಸಾದವನು. ಅವರು ಖಾಸಗಿ ಶಾಲೆಯಲ್ಲಿ ದುಡಿದವರು, ಪಿಂಚಣಿಯಿರಲಿಲ್ಲ. ಅವರು ತೀರಿಕೊಂಡ ಮೇಲೆ, ಔಷಧಿಯ ಖರ್ಚಿಗೆ ಕಷ್ಟವಾದಾಗ, ಅವರ ಧರ್ಮಪತ್ನಿ ಪ್ರಕಾಶಕರಿಗೆ ಒಂದು ಕಾಗದ ಬರೆದರು. ಅದನ್ನು ಬರೆದುಕೊಟ್ಟವನು ನಾನೇ. ‘ದಯವಿಟ್ಟು’ ಎಂಬ ಮಾತು ಅದರಲ್ಲಿ ಮೂರು ಕಡೆ ಇತ್ತು. ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು: ಹತ್ತು ಪುಸ್ತಕ, ಜೊತೆಗೆ ‘ಹಕ್ಕುಗಳು ಹಿಂದೆಯೇ ನಮಗೆ ಸೇರಿವೆ’ ಎಂಬ ಎರಡು ಸಾಲು. ಯಾವಾಗ ಸೇರಿದವು, ಯಾವ ಕಾಗದದಲ್ಲಿ ಸೇರಿದವು ಎಂದು ಕೇಳಲು ನಮಗೆ ತೋಚಲಿಲ್ಲ. ಆಕೆ ಆ ಹತ್ತು ಪುಸ್ತಕಗಳನ್ನು ದೇವರ ಮನೆಯ ಗೂಡಿನಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಆಕೆಯೂ ಈಗಿಲ್ಲ.

ಈ ದೀಪಾವಳಿಯಿಂದ ಹಿಂದಿರುಗಿದವನೇ 1957ರ ಕೃತಿಸ್ವಾಮ್ಯ ಕಾಯಿದೆಯನ್ನು ತರಿಸಿ ಓದಿದೆ. ಇಪ್ಪತ್ತು ವರ್ಷ ಪಂಪ ರನ್ನರನ್ನು ಪಾಠ ಹೇಳಿದವನಿಗೆ ಅದರ ಭಾಷೆ ಕಠಿಣವೇನಲ್ಲ. ಹತ್ತೊಂಬತ್ತನೆಯ ಕಲಮನ್ನು ನೋಡಿ: ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು, ಕೊಡುವವನ ಸಹಿ ಇಲ್ಲದೆ ಹೋದರೆ ಅದು ಸಿಂಧುವಲ್ಲ. ಒಪ್ಪಂದದಲ್ಲಿ ಗೌರವಧನ ಎಷ್ಟೆಂದು ಕಾಣಿಸಿರಬೇಕು. ಅವಧಿಯನ್ನು ಹೇಳದಿದ್ದರೆ ಐದೇ ವರ್ಷವೆಂದು ತಿಳಿಯತಕ್ಕದ್ದು. ಬೇರೆ ಮಾತಿಲ್ಲದ ಪಕ್ಷದಲ್ಲಿ, ಹಕ್ಕು ಪಡೆದವನು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಅದು ಬಿದ್ದುಹೋಗುತ್ತದೆ. ಲೇಖಕ ತೀರಿಕೊಂಡ ಮೇಲೂ ಅರವತ್ತು ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. 1992ರವರೆಗೆ ಅದು ಐವತ್ತು ವರ್ಷವಾಗಿತ್ತು.

ಓದುತ್ತ ಓದುತ್ತ ನಾನು ಕನ್ನಡಕ ತೆಗೆದು ಸುಮ್ಮನೆ ಕುಳಿತೆ. ಗುರುಗಳ ಮನೆಯಲ್ಲಿ ಯಾವ ಕಾಗದವೂ ಇರಲಿಲ್ಲ. ಅವರು ಯಾವುದಕ್ಕೂ ಸಹಿ ಹಾಕಿದವರಲ್ಲವೆಂದು ಆಕೆಯೇ ನನಗೆ ಹೇಳಿದ್ದರು. ಕಾಗದವಿಲ್ಲದ್ದರಿಂದ ಹಕ್ಕು ಹೋಯಿತೆಂದು ನಾವು ತಿಳಿದಿದ್ದೆವು. ಕಾಯಿದೆಯ ಪ್ರಕಾರ, ಸಹಿ ಹಾಕಿದ ಕಾಗದವಿಲ್ಲದಿದ್ದರೆ ಹಕ್ಕು ಆ ಮನೆಯನ್ನು ಬಿಟ್ಟು ಹೋಗಿರಲೇ ಇಲ್ಲ. ಆಕೆ ಕೇಳಬೇಕಾದದ್ದು ದಯೆಯನ್ನಲ್ಲ, ಬಾಕಿಯನ್ನು. ‘ದಯವಿಟ್ಟು’ ಎಂದು ಮೂರು ಸಲ ಬರೆದ ಕೈ ನನ್ನದು. ಪ್ರಕಾಶಕರನ್ನು ಬಯ್ಯುವ ಮೊದಲು ಎಂ.ಎ. ಓದಿದ ನನ್ನ ಈ ಅಜ್ಞಾನಕ್ಕೆ ಒಂದು ಹೊನ್ನಾಳಿ ಹೊಡೆತ ಬೀಳಬೇಕು.

ಈಗ ಲೆಕ್ಕದ ಅಗತ್ಯ ಹಿಂದಿಗಿಂತ ಹೆಚ್ಚು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಒಂದು ಮುದ್ರಣವೆಂದರೆ ಸಾವಿರ ಪ್ರತಿ. ಫಾರಂ ಬಿಚ್ಚಿ ಮೊಳೆ ಹಂಚಿದರೆ ಮತ್ತೆ ಅಚ್ಚು ಹಾಕುವುದು ಊರಿಗೆಲ್ಲ ತಿಳಿಯುವ ಕೆಲಸ. ಇಂದು ಪುಸ್ತಕ ಗಣಕಯಂತ್ರದಲ್ಲಿ ಕುಳಿತಿದೆ. ಬೇಕಾದಾಗ ಬೇಕಾದಷ್ಟು, ಐವತ್ತಾದರೆ ಐವತ್ತು, ಹೊರಬರುತ್ತದೆ. ಒಳಪುಟದಲ್ಲಿ ‘ಪ್ರತಿಗಳು: 500’ ಎಂದಿರುವುದು ಲೆಕ್ಕವೋ ಅಲಂಕಾರವೋ ಹೇಳುವವರಾರು? ನಮ್ಮ ಹಿಂದಿನವರು ಕೆಲವರು ಪ್ರತಿಯೊಂದು ಪುಸ್ತಕಕ್ಕೂ ತಮ್ಮ ಸಹಿಯನ್ನೋ ಮುದ್ರೆಯನ್ನೋ ಹಾಕಿ, ಅದಿಲ್ಲದ ಪ್ರತಿ ಕಳವಿನದೆಂದು ಸಾರುತ್ತಿದ್ದರು. ಜಪಾನಿನಲ್ಲಿ ಕಳೆದ ಶತಮಾನದ ನಡುಗಾಲದವರೆಗೂ ಲೇಖಕನ ಮುದ್ರೆಯೊತ್ತಿದ ಸಣ್ಣ ಚೀಟಿಯನ್ನು ಪ್ರತಿ ಪುಸ್ತಕಕ್ಕೂ ಅಂಟಿಸುವ ಪದ್ಧತಿಯಿತ್ತು. ಎಷ್ಟು ಚೀಟಿ ಹೋಯಿತೋ ಅಷ್ಟು ಪುಸ್ತಕದ ಗೌರವಧನ.

ನಾನು ಕೇಳುವುದು ದೊಡ್ಡದೇನಲ್ಲ. ಹಸ್ತಪ್ರತಿ ಕೈ ಬದಲಾಯಿಸುವ ದಿನವೇ ಒಂದು ಹಾಳೆಯ ಒಪ್ಪಂದವಾಗಲಿ; ಎಷ್ಟು ಪ್ರತಿ, ಎಷ್ಟು ವರ್ಷ, ನೂರಕ್ಕೆ ಎಷ್ಟು ಎಂಬ ಮೂರು ಮಾತು ಅದರಲ್ಲಿರಲಿ. ವರ್ಷಕ್ಕೊಮ್ಮೆ ಒಂದು ಪಟ್ಟಿ ಬರಲಿ. ಅಚ್ಚಾದದ್ದು, ಮಾರಿದ್ದು, ಉಳಿದದ್ದು ಅದರಲ್ಲಿ ಇರಲಿ. ಮಾರಿದ್ದು ಸೊನ್ನೆಯಾದರೂ ಚಿಂತೆಯಿಲ್ಲ, ಸೊನ್ನೆಯನ್ನೇ ಬರೆದು ಸಹಿ ಹಾಕಲಿ. ಲೇಖಕರೂ ಪುಕ್ಕಟೆ ಪ್ರತಿಗಳ ಭಿಕ್ಷೆಯನ್ನು ಬಿಟ್ಟು, ಹಂಚುವುದಿದ್ದರೆ ಕೊಂಡು ಹಂಚಲಿ. ಹೀಗೆ ಲೆಕ್ಕ ಕೊಡುವ ಪ್ರಕಾಶಕರು ಈ ನಾಡಿನಲ್ಲಿ ಇಲ್ಲವೆಂದಲ್ಲ. ಅಂಥವರ ಹೆಸರು ಕೆಡುತ್ತಿರುವುದೂ ಲೆಕ್ಕ ಕೊಡದವರಿಂದಲೇ. ಪ್ರಾಮಾಣಿಕನಿಗೆ ಪಟ್ಟಿಯಿಂದ ನಷ್ಟವೇನು?

ನನ್ನ ಮಟ್ಟಿಗೆ ಕೆಲಸ ಶುರುವಾಗಿದೆ. ಕಳೆದ ವಾರ ನನ್ನ ಪ್ರಕಾಶಕರಿಗೆ ಅಂಚೆಯಲ್ಲಿ ಒಂದು ಪತ್ರ ಹಾಕಿದ್ದೇನೆ. ಬೈಗುಳವಿಲ್ಲ, ವ್ಯಂಗ್ಯವಿಲ್ಲ, ಈ ಸಲ ‘ದಯವಿಟ್ಟು’ ಕೂಡ ಇಲ್ಲ. ಎರಡು ಮುದ್ರಣಗಳ ಲೆಕ್ಕವನ್ನು ಕೇಳಿದ್ದೇನೆ. ಮೂರನೆಯ ‘ಅಚ್ಚಿನ ತಪ್ಪು’ ಆಗುವುದಿದ್ದರೆ ಮೊದಲೇ ಒಪ್ಪಂದಕ್ಕೆ ಸಹಿಯಾಗಬೇಕೆಂದು ತಿಳಿಸಿದ್ದೇನೆ. ಎರಡನೆಯ ಹಸ್ತಪ್ರತಿ ಇನ್ನೂ ಅವರ ಮೇಜಿನ ಮೇಲೆಯೇ ಇದ್ದರೆ ಹಿಂದಕ್ಕೆ ಕಳಿಸಬೇಕೆಂದೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ವಿಷಯವನ್ನು ಊರಿಗೆ ತಿಳಿಸಿದೆ. ಅತ್ತಿಗೆ ಸಂಕ್ರಾಂತಿಯವರೆಗೆ ವಾಯಿದೆ ಕೊಟ್ಟಿದ್ದಾರೆ. ಅಷ್ಟರೊಳಗೆ ಆ ನಾಲ್ಕು ಕಟ್ಟು ಇಳಿಯದಿದ್ದರೆ ತೂಕಕ್ಕೆ ಹಾಕುತ್ತಾರಂತೆ. “ಹೆದರಬ್ಯಾಡ,” ಎಂದ ಅಣ್ಣ, “ರದ್ದಿಯೋನ ಹತ್ರಾನೂ ಪಟ್ಟಿ ಇಸ್ಕೊಂಡೇ ಕೊಡ್ತೀನಿ.”